ಒಂಬತ್ತನೆಯ ಭಾಗದ ವೈರಿ

ಬನ್ನಿಮಂಟಪದಲ್ಲಿ ಮಹದೇವು ಇಟ್ಟಿರುವ ಬಾಡಿಗೆ ಪುಸ್ತಕದಂಗಡಿಗೆ ಷಡಕ್ಷರಿ ಬಂದರೆಂದರೆ ‘ಧೂಮಕೇತು ದಳ’ ಮಾಲಿಕೆಯ ಒಂಬತ್ತನೆಯ ಕಾದಂಬರಿಗೆ ಮಂಗಳಾರತಿ ಎತ್ತಿದರೆಂದೇ ಲೆಕ್ಕ. ಎಂಟು ಭಾಗಗಳ ಉದ್ದಕ್ಕೂ ಸೂರ್ಯನ ಪಕ್ಕದಲ್ಲೇ ಹಾದು ಬಂದರೂ ಮೀಸೆಯ ಕೂದಲೊಂದೂ ಸುಡದ ಕ್ಯಾಪ್ಟನ್ ಅಗ್ನಿಕುಮಾರನನ್ನು ಲೇಖಕ ಇದರ ಮೊದಲ ಅಧ್ಯಾಯದಲ್ಲೇ ಸಾಯಿಸಿಬಿಟ್ಟಿದ್ದ. ಕತೆ ಹೊಸ ಥರ ಇದೆ ಎಂದು ಕಾಲೇಜು ಹುಡುಗಿಯರು ಮೆಚ್ಚಿದರೆ, “ಹೊಸದಂತೆ ಹೊಸದು! ಮದ್ವೆ ಗಂಡನ್ನೇ ಓಡಿಸ್ಬುಟ್ಟು ಜನಾನ ಊಟಕ್ಕೆ ಕೂರಿಸವ್ನೆ ಕಣ್ರೀ!” ಎಂದು ಷಡಕ್ಷರಿ ಗುಡುಗುತ್ತಾರೆ. ಎಸ್‌ಟಿಡಿ ಬೂತಿನ ಮುಂದೆ ನಿಂತವರಿಗೂ ಅದೇ ಪ್ರವಚನ, ಕ್ಷೌರದ ಕುರ್ಚಿಯಲ್ಲಿ ಗಂಟಲಿಗೆ ಕತ್ತಿ ತಾಗಿರುವಾಗಲೂ ಅದೇ. ಆದರೆ ಬೈದು ಮುಗಿಸಿ ಮತ್ತೆ ಅದೇ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಾರೆ. “ಇಷ್ಟು ಬೈತೀರ, ಮತ್ಯಾಕ್ ಸಾ ತಗೊಂಡೋಗ್ತೀರ?” ಎಂದು ಮಹದೇವು ಕೇಳಿದರೆ, “ಬೇರೆಯವ್ರ ಕೈಗೆ ಸಿಗ್ದೇ ಇರ್ಲಿ ಅಂತ ಕಣಪ್ಪ” ಎನ್ನುತ್ತಾರೆ. ಮನೆಯಲ್ಲಿ ಕಣ್ಣು ಮಂಜಾದ ತಾಯಿ ಇದ್ದಾರೆ. ಮೊದಲ ಭಾಗದಿಂದಲೂ ಮಗ ಓದಿದ್ದನ್ನು ಕೇಳಿಕೊಂಡೇ ಬಂದವರು. ಸಂಜೆ ವಿಭೂತಿ ಹಚ್ಚಿಕೊಂಡು ಕುಳಿತರೆಂದರೆ, “ನಮ್ ಅಗ್ನಿಕುಮಾರ ಎಲ್ಲಿಗಂಟ ಬಂದ್ನೋ?” ಎಂದು ಕೇಳುತ್ತಾರೆ. ಷಡಕ್ಷರಿ ಆ ಪಾಪಿ ಪುಸ್ತಕವನ್ನೇ ಬಿಡಿಸಿ ಹಿಡಿದು, ಅದರ ಒಂದಕ್ಷರವನ್ನೂ ಓದದೆ, ಆಗಾಗ ಸದ್ದಾಗುವಂತೆ ಹಾಳೆ ಮಗುಚುತ್ತ, ಸತ್ತ ಕ್ಯಾಪ್ಟನ್ನನ್ನು ಶನಿಗ್ರಹದ ಬಳೆಗಳ ಮೇಲೆ ಬಾಯಿಗೆ ಬಂದಂತೆ ಓಡಿಸುತ್ತಾರೆ. ಮೊನ್ನೆ ತಾಯಿ ಎಲ್ಲ ಕೇಳಿಸಿಕೊಂಡು ಮಗನ ಮೊಣಕಾಲು ತಟ್ಟಿದರು. “ಆ ಎಂಟಕ್ಕಿಂತ ಇದೇ ಚೆನ್ನಾಗದೆ ಕಣೋ. ಪಾಪ, ಬರ್ದೋನ್ನ ಸುಮ್ ಸುಮ್ನೆ ಬೈತೀಯ.”