ಶವಾಸನದಲ್ಲಿದ್ದಾಗ ನಳ ಬಂತು

"ಎಲ್ಲಾ ದೇವ್ರಿಗೆ ಒಪ್ಪಿಸಿಬಿಡ್ರಿ. ನಂದು ಅನ್ನೂದು ಏನೂ ಇಲ್ಲ ಅನ್ರಿ!"

ಬೆಟಗೇರಿಯ ನಮ್ಮ ಯೋಗ ಕ್ಲಾಸಿನ ಗುರುಗಳು ಗದರಿಸುತ್ತಿದ್ದರು. (ಮೊದಲು ಪಿ.ಟಿ. ಮಾಸ್ತರರಾಗಿದ್ದವರು. ಶರಣಾಗತಿಯನ್ನೂ ಆರ್ಡರ್ ಮಾಡುತ್ತಾರೆ.) ಹತ್ತು ಹೆಂಗಸರು ಶವಾಸನದಲ್ಲಿ ಬಿದ್ದುಕೊಂಡಿದ್ದೆವು. ಮೊನ್ನೆ ಮೊದಲ ಸಲ ನನ್ನ ಮನಸ್ಸು ಹಗುರಾಗಿತ್ತು. ಆಹಾ, ದೇವರಿಗೆ ಶರಣಾಗುವುದೆಂದರೆ ಇದೇ ಇರಬೇಕು!

ಅಷ್ಟರಲ್ಲಿ ಓಣಿಯಿಂದ ಯಾರೋ ಕೂಗಿದರು, "ನಳಾ ಬಂದಾವ್ರೀ!"

ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ. ಯಾವ ಹೊತ್ತಿಗೆ ಅಂತ ಮಾತ್ರ ಕೇಳಬೇಡಿ. ಹತ್ತು ಹೆಣಗಳಲ್ಲಿ ಒಂಬತ್ತು ಎದ್ದು ಓಡಿದವು. ಎಲ್ಲರಿಗಿಂತ ಮುಂದೆ ಯಾರು? ಗುರುಗಳು! "ಬಲಕ್ಕ ಹೊಳ್ಳಿ ನಿಧಾನ ಏಳ್ರಿ" ಅನ್ನುತ್ತಲೇ ಚಪ್ಪಲಿ ಮೆಟ್ಟಿದ್ದರು.

ನಾನು ಓಡದೇ ಇರುವುದು ಹೇಗೆ? ಮಾರನೇ ದಿನ ಮುಂಡರಗಿಯಿಂದ ಬೀಗರು ಬರುವವರಿದ್ದರು. ಮನೆಯಲ್ಲಿ ಉಳಿದದ್ದು ಒಂದೇ ಕೊಡ ನೀರು. ಯಜಮಾನರು ಶಿರಹಟ್ಟಿಗೆ ಹೋಗಿದ್ದರು. ಬಾಗಿಲ ಮುಂದೆ ನಿಂತು ಸೊಂಟ ತಡವಿಕೊಂಡೆ. ಅಯ್ಯೋ ಶಿವನೇ, ಕೀಲಿಕೈ ಎಲ್ಲಿ? ಯಾರನ್ನೂ ನಂಬದೆ, ಶವಾಸನದಲ್ಲೂ ತಲೆಯ ಕೆಳಗಿಟ್ಟುಕೊಂಡು ಮಲಗಿದ್ದೆ. ಅಲ್ಲೇ ಉಳಿದಿತ್ತು.

ಏದುಸಿರು ಬಿಡುತ್ತ ಕ್ಲಾಸಿಗೆ ಬಂದರೆ, ಮಗ್ಗದ ಮನೆಯ ಗಂಗವ್ವ ಇನ್ನೂ ಕಾಲು ಚಾಚಿ ಮಲಗಿದ್ದಾಳೆ!

"ಗಂಗವ್ವಾ, ನಳಾ ಬಂದಾವ! ಕೇಳಿಸ್ಲಿಲ್ಲೇನು?"

"ಕೇಳಿಸೇತ್ರೀ ಅಕ್ಕಾರ." ಕಣ್ಣು ತೆರೆಯಲೇ ಇಲ್ಲ. "ಬಾಜೂ ಮನಿ ಶಾರವ್ವಗ ಕೀಲಿ ಕೊಟ್ಟು ಬಂದೀನಿ. ಆಕಿ ತುಂಬ್ತಾಳ."

"ಆಕಿ ಮರ್ತರ?" ಚಾಪೆಯ ಮೇಲೆ ಕೀಲಿಕೈ ತಡಕಾಡುತ್ತ ಕೇಳಿದೆ.

"ಮರ್ತರ ಆಕಿ ಕೊಡಾನ ತರ್ತೀನಿ. ಸುಮ್ನ ಮಲಗಾಕ ಬಿಡ್ರಿ."

ಕೀಲಿಕೈ ಹಿಡಿದು ನಾನು ಮತ್ತೆ ಓಡಿ ಹೋಗಿ ಬೀಗ ತೆಗೆಯುವಷ್ಟರಲ್ಲಿ ನಳ ಸುಂಯ್ ಅಂತ ಗಾಳಿ ಬಿಟ್ಟು ನಿಂತಿತು. ಖಾಲಿ ಕೊಡಗಳ ನಡುವೆ ಕುಳಿತು ಅತ್ತೇಬಿಟ್ಟೆ. (ನಗಬೇಡಿ. ಬೀಗರಿಗೆ ಕಾಲು ತೊಳೆಯಲು ನೀರಿಲ್ಲ ಅನ್ನುವುದಕ್ಕಿಂತ ದೊಡ್ಡ ಅವಮಾನ ಉಂಟೇ?)

ಅರ್ಧ ತಾಸಿಗೆ ಬಾಗಿಲಲ್ಲಿ ಗಂಗವ್ವ. ಸೊಂಟದ ಮೇಲೆ ತುಂಬಿದ ಕೊಡ.

"ಹಿಡೀರಿ. ಹಿಂದ ಶಾರವ್ವ ಇನ್ನೆರಡು ತರಾಕತ್ತಾಳ."

"ನನಗ ನೀರು ಸಿಕ್ಕಿಲ್ಲಂತ ನಿನಗ ಹೆಂಗ ಗೊತ್ತಾತು?"

"ಕೀಲಿ ಹುಡುಕ್ಕೋತ ಬಂದಾಗನ ಗೊತ್ತಾತ್ರೀ. ಬೀಗರು ಬರೂ ಖಬರ ಅಂತೂ ಓಣಿಗೆಲ್ಲಾ ಐತಿ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಯೋಗ ಕ್ಲಾಸಿಗೆ ನಾನು ಸೇರಿ ಎರಡು ವರ್ಷ, ಅವಳು ಸೇರಿ ಎರಡು ವಾರ.

ಎಲ್ಲವನ್ನೂ ದೇವರಿಗೆ ಒಪ್ಪಿಸಿದ್ದೇವೆ ಅನ್ನುತ್ತೇವಲ್ಲ, ನಮ್ಮ ಮನೆಯ ಕೀಲಿಕೈ ಬಾಜೂ ಮನೆಯವರಿಗೆ ಎಂದಾದರೂ ಒಪ್ಪಿಸಿದ್ದೇವೆಯೇ?