ಭೈರಪ್ಪಣ್ಣನ ಮರಳು ಹೊಲಕ್ಕೆ ಕೆರೆಗೋಡು

ನಮ್ಮ ಜನ್ನಾಪುರದ ಬೀದಿಯಲ್ಲಿ ಭೈರಪ್ಪಣ್ಣನಷ್ಟು ಮಾತು ಕಮ್ಮಿಯ ಮನುಷ್ಯ ಇನ್ನೊಬ್ಬನಿಲ್ಲ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದ. ಹೊಳೆದಂಡೆಯ ಒಂದೂವರೆ ಎಕರೆ ಹೊಲವನ್ನು ಹೆಂಡತಿ ಹುಚ್ಚಮ್ಮನೇ ಬಸ್ಸಿನಲ್ಲಿ ಹೋಗಿಬಂದು ನೋಡಿಕೊಂಡಳು. ಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಆಕೆಯೂ ತೀರಿಹೋದಳು. ಈಗ ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುತ್ತಾನೆ. 

ಹೊಲವೋ ಬರೀ ಮರಳು. ಹೋದ ವರ್ಷ ಹತ್ತು ದಿನ ಮಳೆ ಕೈಕೊಟ್ಟಿದ್ದಕ್ಕೇ ಮೆಕ್ಕೆಜೋಳ ಒಣಗಿ ಮಲಗಿತು. ಶಿವಮೊಗ್ಗದಲ್ಲಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು, ಒಂದಿಷ್ಟು ಮಣ್ಣು ತಂದುಕೊಡು ಎಂದೆ. ತಂದ. ಗಂಟು ಬಿಚ್ಚಿದರೆ ಕಪ್ಪಗೆ, ಮೆತ್ತಗೆ, ಹಿಡಿದರೆ ಉಂಡೆ ಕಟ್ಟುವ ಮಣ್ಣು!

"ಭೈರಪ್ಪಣ್ಣ, ಇದು ನಿನ್ನ ಹೊಲದ್ದೇನಾ?"

"ನಂದೇ ಸುಮನಾ. ಭೂಮಿ ಹುಣ್ಣಿಮೆ ಮೂಲೇದು."

ನನಗೆ ನೆತ್ತಿ ಉರಿಯಿತು. ಪ್ರತಿ ಭೂಮಿ ಹುಣ್ಣಿಮೆಗೂ ಹುಚ್ಚಮ್ಮ ಪೂಜೆ ಮಾಡಿ, ಎಡೆಯ ಅನ್ನ ಕಡುಬು ಹೂತು, ಗೊಬ್ಬರ ಸುರಿದ ಮೂಲೆ ಅದು.

"ಇಡೀ ಹೊಲದ್ದು ತಾ ಅಂದ್ರೆ ಪೂಜೆ ಮೂಲೇದು ತಂದಿದ್ದೀಯಲ್ಲ ಮಾರಾಯ!"

"ಶಿವಮೊಗ್ಗಕ್ಕೆ ಹೋಗೋ ಮಣ್ಣು. ಕೆಟ್ಟದ್ದು ಕೊಟ್ರೆ ಅವಳಿಗೆ ಅವಮಾನ ಅಲ್ವಾ?"

ಇಂಥವನನ್ನು ಬೈಯುವುದು ಹೇಗೆ? ನಾನೇ ಹೋಗಿ ಐದು ಕಡೆಯ ಮಣ್ಣು ತಂದು ನೋಡಿದೆ. ಮರಳಿಗೆ ಮದ್ದು ಒಂದೇ, ಬತ್ತಿದ ಕೆರೆಯ ತಳದ ಕಪ್ಪು ಗೋಡು. ಅದನ್ನು ಹಾಕಿ ಹರಡಿದರೆ ಬಿದ್ದ ನೀರು ನಿಲ್ಲುತ್ತದೆ. ಮೇ ಕೊನೆಗೆ ಟ್ರ್ಯಾಕ್ಟರು ಬಂದು ನಲವತ್ತು ರಾಶಿ ಸುರಿದು ಹೋಯಿತು. ಮಳೆಗೆ ಮುಂಚೆ ಹರಡದಿದ್ದರೆ ಅಷ್ಟೂ ಹೊಳೆಪಾಲು.

ಹೊಲವಿರುವ ಊರಲ್ಲಿ ಇಂಥ ಕೆಲಸವೆಲ್ಲ ಮುಯ್ಯಾಳಿನಲ್ಲಿ ನಡೆಯುತ್ತದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಭೈರಪ್ಪಣ್ಣ ಯಾರ ಹೊಲಕ್ಕೂ ಕಾಲಿಟ್ಟವನಲ್ಲ.

"ಯಾವ ಮುಖ ಇಟ್ಕೊಂಡು ಕರೀಲಿ?" ಎಂದು ತಾನೇ ಬುಟ್ಟಿ ಹೊತ್ತ. ಮೂರು ದಿನಕ್ಕೆ ನಾಲ್ಕು ರಾಶಿ ಮುಗಿಯಿತು. ಅಷ್ಟರಲ್ಲಿ ಮೋಡ ಕಟ್ಟತೊಡಗಿತು.

ಭಾನುವಾರ ನಾನು ಬುತ್ತಿ ಕಟ್ಟಿಕೊಂಡು ಹೋದರೆ, ಹೊಲದ ತುಂಬ ಹೆಂಗಸರು! ಪಕ್ಕದ ಹೊಲದ ಸಾವಿತ್ರಮ್ಮ ಅವನನ್ನು ಗದರುತ್ತಿದ್ದಳು.

"ಮೂರು ದಿನದಿಂದ ನೋಡ್ತಿದ್ದೀನಿ, ಒಂದ್ ಮಾತು ಕರೆಯೋಕೆ ಆಗಲ್ವಾ ನಿಂಗೆ? ಹುಚ್ಚಮ್ಮ ನಮ್ಮ ಹೊಲಗಳಿಗೆ ಎಷ್ಟು ಸಲ ಬಂದಿದ್ಲು! ಅವಳ ಮುಯ್ಯಿ ತೀರಿಸ್ಬೇಕು. ಸರಿ ಆಚೆ."

ಸಂಜೆಯೊಳಗೆ ಕೆರೆಗೋಡು ಪೂರಾ ಹರಡಿ ಮುಗಿಯಿತು. ನನಗಂತೂ ಕುಣಿಯುವಷ್ಟು ಖುಷಿ. ಕೆಲಸದುದ್ದಕ್ಕೂ ಹುಚ್ಚಮ್ಮನದೇ ಮಾತು, ಅವಳು ಯಾರಿಗೆ ಏನು ಅಡ್ಡಹೆಸರಿಟ್ಟಳು, ಯಾರನ್ನು ಹೇಗೆ ಅಣಕಿಸಿದಳು ಅಂತ. ಕೊನೆಗೆ ಸಾವಿತ್ರಮ್ಮ ಅವಳ ಹಾಡೊಂದನ್ನು ಎತ್ತಿದಳು, ಉಳಿದವರು ಸೊಲ್ಲು ಹಿಡಿದರು. ಭೈರಪ್ಪಣ್ಣ ಬುಟ್ಟಿ ಇಳಿಸಿದ.

"ಅವಳು ಹಾಡ್ತಿದ್ಲಾ?"

"ಅಯ್ಯೋ, ಬಾಯಿ ಮುಚ್ಚಿದ್ದೇ ಇಲ್ಲ! ಯಾಕೆ, ಮನೇಲಿ ಹಾಡ್ತಿರ್ಲಿಲ್ವಾ?"

ಅವನು ಮತ್ತೆ ಬುಟ್ಟಿ ಎತ್ತಿಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತ. ಜನ್ನಾಪುರ ಹತ್ತಿರ ಬಂದಾಗ ಬಾಯಿಬಿಟ್ಟ.

"ರಾತ್ರಿ ಪಾಳಿ ಮುಗಿಸಿ ಹಗಲು ಮಲಗ್ತಿದ್ನಲ್ಲ ಸುಮನಾ. ಸದ್ದು ಮಾಡ್ಬೇಡ ಅಂತ ಮದುವೆಯಾದ ವಾರದಲ್ಲೇ ಹೇಳಿದ್ದೆ. ಆಮೇಲೆ ಮನೇಲಿ ಅವಳು ಸದ್ದೇ ಮಾಡ್ಲಿಲ್ಲ."