ದಾರಿಯಲ್ಲಿ ಕಾಯಿ ಇರುವತನಕ

ಬಾಳೆಗೊನೆಯ ಲಾರಿ ಇನ್ನೂ ಬಂದಿಲ್ಲ. ಮಸಾಕಾ ಸೀಮೆಯ ಕಿವೊಲಾ ಸಂತೆಯಲ್ಲಿ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಪೆರ್ಪೆಟುವಾ ನಸ್ಸಾಲಿ ತನ್ನ ಸಿಮೆಂಟು ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಮೇಲೆ ಕವುಚಿಟ್ಟ ಬಟ್ಟೆ ಒಗೆಯುವ ಅಗಲ ಬೇಸಿನ್ನನ್ನು ಎರಡೂ ಕೈಯಲ್ಲಿ ಮೆಲ್ಲನೆ ಎತ್ತುತ್ತಾಳೆ. ಕೆಳಗೆ ಸಿಮೆಂಟಿನಲ್ಲೇ ಕೊರೆದ ಲೂಡೋ ಮನೆಗಳಿವೆ. ಅವುಗಳ ನಡುವೆ ಒಂದೇ ಒಂದು ಹಳದಿ ಕಾಯಿ, ನಿನ್ನೆ ಸಂಜೆ ಬಿಟ್ಟ ಜಾಗದಲ್ಲೇ ನಿಂತಿದೆ.

"ಇದೆ ಕಣ್ರೇ," ಎನ್ನುತ್ತಾಳೆ.

"ಇರದೆ ಎಲ್ಲಿಗೆ ಹೋಗುತ್ತೆ? ಕಾಲಿದೆಯಾ ಅದಕ್ಕೆ?" ಎಂದು ಪಕ್ಕದ ಕಟ್ಟೆಯ ಒಣಮೀನಿನ ರೆಸ್ಟಿಟುಟಾ ನಗುತ್ತಾಳೆ. ಆದರೆ ರಾತ್ರಿ ಅವಳಿಗೂ ಸರಿಯಾಗಿ ನಿದ್ದೆ ಬಂದಿಲ್ಲ. ಆ ಹಳದಿ ಕಾಯಿ ಮನೆ ಸೇರಿ ಹಾದಿ ಖಾಲಿಯಾದರೆ ಕಟ್ಟೆ ಒಡೆಯುತ್ತಾರೆ. ಕಟ್ಟೆ ಹೋದರೆ ಪೆರ್ಪೆಟುವಾಳ ಹೊಟ್ಟೆಪಾಡೂ ಹೋಗುತ್ತದೆ.

ಕಿವೊಲಾದಿಂದ ಸರೋವರದ ದಡದವರೆಗೆ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವ ಬೋಡಾ ಬೈಕುಗಳ ಯಾವ ಸ್ಟ್ಯಾಂಡಿಗೆ ಹೋದರೂ ಮರದ ಕೆಳಗೆ ಒಂದು ಲೂಡೋ ಹಲಗೆ ಇದ್ದೇ ಇರುತ್ತದೆ. ಅವುಗಳಲ್ಲಿ ಬಹುಪಾಲು ಈಕೆ ಬರೆದವೇ. ಆಡುವವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ; ತಿಳಿದುಕೊಳ್ಳುವ ತುರ್ತೂ ಯಾರಿಗೂ ಇದ್ದಂತಿಲ್ಲ. ಪ್ಲೈವುಡ್ ಉಜ್ಜಿ ನುಣುಪು ಮಾಡಬೇಕು, ಬಿಳಿ ಬಣ್ಣ ಬಳಿಯಬೇಕು, ಮಸಿಯಲ್ಲಿ ಅದ್ದಿದ ದಾರವನ್ನು ಎಳೆದು ಬಿಟ್ಟು ಗೆರೆ ಹೊಡೆಯಬೇಕು. ದುಂಡಗಿನ ಮನೆಗಳಿಗೆ ಸೈಕಲ್ಲಿನ ಕಡ್ಡಿ ಬಗ್ಗಿಸಿದ್ದೇ ಅವಳ ಕೈವಾರ. ಒಂದು ಬಣ್ಣ ಒಣಗದೆ ಇನ್ನೊಂದಕ್ಕೆ ಕೈ ಹಾಕುವ ಹಾಗಿಲ್ಲ. ವಾರಕ್ಕೆ ಎರಡೋ ಮೂರೋ ಹಲಗೆ ಆಗುತ್ತವೆ, ಮಳೆ ಹಿಡಿದರೆ ಅದೂ ಇಲ್ಲ. ಬಣ್ಣದ ವಾಸನೆ ಕುಡಿದೂ ಕುಡಿದೂ ನಾಲಿಗೆಯ ರುಚಿ ಕೆಟ್ಟಿದೆ. ಕಡಲೆಕಾಯಿ ಸಾರಿಗೆ ಉಪ್ಪು ಸಾಕೇ ಎಂದು ಮಗಳೇ ನೋಡಿ ಹೇಳಬೇಕು.

ಈ ಕೆಲಸ ಅಪ್ಪನಿಂದ ಬಂದದ್ದು. ಅಪ್ಪ ಪೊಂಟಿಯಾನೊ ಮಿಷನ್ನಿನ ಬಡಗಿ. ಕೆಮ್ಮಿನ ಕಾಯಿಲೆಯ ಒಬ್ಬ ಮುದಿ ಪಾದ್ರಿಗೆ ಹೊತ್ತು ಹೋಗಲೆಂದು ಮೊದಲ ಹಲಗೆ ಮಾಡಿಕೊಟ್ಟವನು. ಪಾದ್ರಿ ಆಡುತ್ತಾ ಆಡುತ್ತಾ ಆಟಗಳ ಹೆಸರು ಬಿಡಿಸಿ ಹೇಳುತ್ತಿದ್ದರಂತೆ. ಲೂಡೋ ಎಂದರೆ ಲ್ಯಾಟಿನ್ನಿನಲ್ಲಿ ‘ನಾನು ಆಡುತ್ತೇನೆ’. ಹಳೆಯ ರೋಮಿನವರು ಒಂದು ಆಟಕ್ಕೆ ‘ತಾಬುಲಾ’ ಎನ್ನುತ್ತಿದ್ದರು. ಹಾಗೆಂದರೆ ಹಲಗೆ, ಅಷ್ಟೇ. ಡಾಮಿನೋ ಹುಟ್ಟಿದ್ದು ‘ಒಡೆಯ’ ಎಂಬ ಮಾತಿನಿಂದ. ಈ ಸೀಮೆಯಲ್ಲಿ ಲ್ಯಾಟಿನ್ ಯಾರಿಗೂ ದೂರದ್ದಲ್ಲ, ಜ್ಞಾನಸ್ನಾನದ ದಿನವೇ ಹೆಸರಿಗೆ ಅಂಟಿಕೊಂಡು ಮನೆಗೆ ಬರುತ್ತದೆ. ಟೊಮೇಟೊ ಮಾರುವ ಸ್ಪೆಸಿಯೋಜಾ ಎಂದರೆ ಚೆಲುವೆ. ಪೆರ್ಪೆಟುವಾ ಎಂದರೆ ಕೊನೆಯಿಲ್ಲದವಳು.

"ನಂಗೆ ಲ್ಯಾಟಿನ್ ಗೀಟಿನ್ ಬರಲ್ಲ," ಎನ್ನುತ್ತಾಳೆ ಪೆರ್ಪೆಟುವಾ, ಉಗುರಿನ ಹಸಿರು ಬಣ್ಣ ಕೆರೆಯುತ್ತಾ. "ಅಪ್ಪ ಹೇಳಿದ ನಾಲ್ಕು ಮಾತು ಗೊತ್ತು. ಚಿಕ್ಕೋಳಿದ್ದಾಗ ಕೇಳಿದ್ದೆ, ನಾನು ಆಡ್ತೀನಿ ಅಂತಿದೆಯಲ್ಲ, ಆ ‘ನಾನು’ ಯಾರಪ್ಪಾ ಅಂತ. ದಾಳ ಯಾರ ಕೈಲಿದೆಯೋ ಅವರು ಅಂದ. ಗಂಡಸರು ಅಂತ ಅನ್ನಲಿಲ್ಲ."

ಅಪ್ಪ ತೀರಿಕೊಂಡ ಮೇಲೆ ಹೆಂಗಸು ಬರೆದ ಹಲಗೆಯನ್ನು ಸ್ಟ್ಯಾಂಡಿನವರು ಮುಟ್ಟಲಿಲ್ಲ. ಗೆರೆ ಸೊಟ್ಟ, ಗರ ಬೀಳುವುದಿಲ್ಲ ಎಂದೆಲ್ಲ ಕೊಂಕು ತೆಗೆದರು. ಆಗ ಅವಳು ಒಂದು ಉಪಾಯ ಮಾಡಿದಳು. ಅಪ್ಪ ಮಾಡಿಟ್ಟ ಹಲಗೆಗಳು ಅಟ್ಟದಲ್ಲಿ ಇನ್ನೂ ಉಳಿದಿವೆ ಎಂದು ಹೇಳಿ ವರ್ಷಗಟ್ಟಲೆ ತನ್ನವನ್ನೇ ಮಾರಿದಳು. "ಸತ್ತೋನು ಎಷ್ಟು ಹಲಗೆ ಮಾಡ್ತಾನೆ ಅಂತ ಒಬ್ಬನಾದ್ರೂ ಕೇಳಬೇಕಿತ್ತಲ್ವಾ?" ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಈಗ ಸ್ಟ್ಯಾಂಡಿನವರೂ ಅವಳ ಹತ್ತಿರವೇ ಕೊಳ್ಳುತ್ತಾರೆ; ಅವರ ಹಲಗೆಯ ನಡುವೆ ಕೇಳಿದ ಫುಟ್‌ಬಾಲ್ ತಂಡದ ಗುರುತು ಬರೆದುಕೊಡುತ್ತಾಳೆ. ಸಂತೆಯ ಹೆಂಗಸರಿಗೆಂದು ಮಾಡುವ ಹಲಗೆಯಲ್ಲಿ ಮಾತ್ರ ಲೂಡೋ ಎಂಬ ಹೆಸರನ್ನು ಬಿಟ್ಟು, ಅದನ್ನೇ ತಮ್ಮ ಲುಗಾಂಡಾ ನುಡಿಯಲ್ಲಿ ‘ನ್ಜನ್ನ್ಯಾ’ ಎಂದು ಬರೆಯುತ್ತಾಳೆ. ನಾನು ಆಡುತ್ತೇನೆ.

ತೊಂದರೆ ಶುರುವಾದದ್ದು ಆ ಹಲಗೆಗಳಿಂದಲೇ. ಲಾರಿ ಬರುವವರೆಗೆ ಹೆಂಗಸರು ಚಳಿಯಲ್ಲಿ ಸುಮ್ಮನೆ ಕೂರುವ ಬದಲು ದಾಳ ಉರುಳಿಸುತ್ತಿದ್ದರು. ಸಂತೆಯ ಚೇರ್ಮನ್ ಕ್ಲೆಮೆಂಟಿ ಸ್ಸೆಬುನ್ಯಾನಿಗೆ ಅದು ಕಣ್ಣು ಚುಚ್ಚಿತು. ಎದುರಿನ ಸ್ಟ್ಯಾಂಡಿನಲ್ಲಿ ಗಂಡಸರು ಬೆಳಗಿನಿಂದ ಸಂಜೆಯವರೆಗೆ ಆಡಿದರೆ ಅದು ಬೇಸರ ಕಳೆಯುವುದು. ಹೆಂಗಸರು ಅರ್ಧ ಗಂಟೆ ಆಡಿದರೆ ಸಂತೆಯ ಮಾನ ಹೋಗುತ್ತದೆ! ಅವನ ಆಳುಗಳು ಆಟ ನಡೆಯದ ಹೊತ್ತು ನೋಡಿ ಮೂರು ಹಲಗೆಗಳನ್ನು ಕಾಲಲ್ಲಿ ಮುರಿದು ಗಂಜಿಯ ಒಲೆಗೆ ಹಾಕಿದರು. ಕ್ಲೆಮೆಂಟಿ ಎಂಬ ಹೆಸರಿಗೆ ಕರುಣೆಯುಳ್ಳವನು ಎಂಬ ಅರ್ಥವಿದೆ. ಹೆಂಗಸರು ಅದನ್ನು ಹೇಳಿಕೊಂಡು ಈಗಲೂ ಲೊಚಗುಟ್ಟುತ್ತಾರೆ.

"ಹಲಗೆ ಆದ್ರೆ ಮುರೀತಾರೆ. ಮುರಿಯೋಕೆ ಆಗದೇ ಇರೋದು ಯಾವುದು ಅಂತ ಯೋಚನೆ ಮಾಡ್ದೆ," ಎನ್ನುತ್ತಾಳೆ ಪೆರ್ಪೆಟುವಾ. ಈಸ್ಟರ್ ಹತ್ತಿರ ಬಂದಾಗ ಇಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟೆಗೆ ತಾವೇ ಹೊಸ ಗಾರೆ ಬಳಿಯುವುದು ವಾಡಿಕೆ. ಈ ಸಲ ಅವಳು ಹಸಿ ಗಾರೆಯ ಮೇಲೆ ದಾರ ಎಳೆದು, ಮೊಳೆಯಿಂದ ಗೆರೆ ಕೊರೆದು, ಹಬ್ಬದ ಬೆಳಿಗ್ಗೆ ನಾಲ್ಕು ಬಣ್ಣ ತುಂಬಿಬಿಟ್ಟಳು. ಹೆಂಗಸರು ಚರ್ಚಿನ ಪೂಜೆ ಮುಗಿಸಿ ಬಂದವರೇ ಸುತ್ತ ಕೂತರು. ಚೇರ್ಮನ್ ಕೆರಳಿ ಕೆಂಡವಾದ. ಕಟ್ಟೆ ಒಡೆಸುತ್ತೇನೆ, ಜಾಗ ಬೇರೆಯವರಿಗೆ ಕೊಡುತ್ತೇನೆ ಎಂದು ಸಂತೆಯ ನಡುವೆ ನಿಂತು ಸಾರಿದ.

ಒಡೆಸಲು ಬಂದವನನ್ನು ನಿಲ್ಲಿಸಿದ್ದು ಅವನದೇ ನಿಯಮ. ಹಿಂದೆ ಕ್ಲೆಮೆಂಟಿಯೂ ಬೋಡಾ ಓಡಿಸುತ್ತಿದ್ದ. ಒಮ್ಮೆ ಒಬ್ಬ ಪೊಲೀಸಿನವನು ನಡೆಯುತ್ತಿದ್ದ ಆಟವನ್ನು ಬೂಟಿನಲ್ಲಿ ಒದ್ದಾಗ ಎದೆಯೊಡ್ಡಿ ನಿಂತವನು ಅವನೇ. ಆ ದಿನದ ಹೆಸರಿನಿಂದಲೇ ಮುಂದೆ ಚೇರ್ಮನ್ ಆದ. ಆಗ ಅವನು ಮಾಡಿದ ಎರಡು ನಿಯಮಗಳು ಸ್ಟ್ಯಾಂಡಿನ ತಗಡಿನ ಮೇಲೆ ಇನ್ನೂ ಇವೆ. ದಾರಿಯಲ್ಲಿ ಒಂದು ಕಾಯಿ ಇದ್ದರೂ ಹಲಗೆ ಮುಟ್ಟುವ ಹಾಗಿಲ್ಲ. ಗೆದ್ದವರು ಕರೆದಾಗ ಎದುರು ಕೂರದವನು ಸೋತ ಲೆಕ್ಕ. ತಗಡಿಗೆ ಅಕ್ಷರ ಬರೆದುಕೊಟ್ಟವಳು ಪೆರ್ಪೆಟುವಾ.

ಅಂದಿನಿಂದ ಈ ಕಟ್ಟೆಯ ಆಟ ಮುಗಿದಿಲ್ಲ. ಒಬ್ಬಳ ಕಾಯಿಗಳೆಲ್ಲ ಹಣ್ಣಾಗುವ ಮೊದಲೇ ಇನ್ನೊಬ್ಬಳು ಹೊಸದಾಗಿ ಇಳಿಸುತ್ತಾಳೆ. ಸಂಜೆ ಬೇಸಿನ್ ಮುಚ್ಚಿ, ಅದರ ಮೇಲೊಂದು ಕಲ್ಲು ಹೇರಿ ಮನೆಗೆ ಹೋಗುತ್ತಾರೆ. ಚೇರ್ಮನ್ ದಿನಾ ಬೆಳಿಗ್ಗೆ ಗಾರೆ ಕೆಲಸದ ದೇವೊನನ್ನು ಸುತ್ತಿಗೆ ಸಮೇತ ಕರೆದುಕೊಂಡು ಬರುತ್ತಾನೆ, ದಾರಿಯಲ್ಲಿ ಕಾಯಿ ಕಂಡು ಹಲ್ಲು ಕಡಿಯುತ್ತಾ ಹೋಗುತ್ತಾನೆ.

ಇವತ್ತು ಬೆಳಿಗ್ಗೆ ಮಾತ್ರ ಗ್ರಹಚಾರ ನೆಟ್ಟಗಿಲ್ಲ. ಹೊಸ ಕಾಯಿ ಇಳಿಸಲು ಆರು ಬೀಳಬೇಕು. ಸ್ಪೆಸಿಯೋಜಾ ಲೋಟದಲ್ಲಿ ದಾಳ ಕುಲುಕುತ್ತಾಳೆ, ಎರಡು. ರೆಸ್ಟಿಟುಟಾ ಕುಲುಕುತ್ತಾಳೆ, ಐದು. ಪೆರ್ಪೆಟುವಾಳ ಹಳದಿ ಕಾಯಿ ಮನೆ ಸೇರಲು ಬೇಕಾದದ್ದು ಮೂರು. ಅಷ್ಟರಲ್ಲಿ ಚೇರ್ಮನ್ನನ ಬೈಕು ಬಂದು ನಿಲ್ಲುತ್ತದೆ, ಹಿಂದಿನ ಸೀಟಿನಿಂದ ದೇವೊ ಇಳಿಯುತ್ತಾನೆ.

"ಆಡಮ್ಮಾ, ಆಡು. ನಂದೇನೂ ಅವಸರ ಇಲ್ಲ," ಎನ್ನುತ್ತಾನೆ ಚೇರ್ಮನ್, ಕೈಕಟ್ಟಿಕೊಂಡು.

ಪೆರ್ಪೆಟುವಾ ದಾಳ ಹಾಕುತ್ತಾಳೆ. ಮೂರು.

"ಬಟ್ಟೆ ತಾಗಿತು ಅಂತ ಹೇಳೇ, ಇನ್ನೊಂದ್ಸಲ ಹಾಕು," ಎಂದು ರೆಸ್ಟಿಟುಟಾ ಕಿವಿಯಲ್ಲಿ ಪಿಸುಗುಡುತ್ತಾಳೆ. ಪೆರ್ಪೆಟುವಾ ಅವಳ ಕೈ ತಳ್ಳುತ್ತಾಳೆ. "ಥೂ, ಬಿಡೇ. ಮೋಸ ಮಾಡಿ ಆಡೋದಾದ್ರೆ ಇಷ್ಟು ದಿನ ಯಾಕೆ ಆಡಬೇಕಿತ್ತು?" ಕಾಯಿ ಒಂದೊಂದೇ ಮನೆ ದಾಟಿ ನಡುವಿಗೆ ಸೇರುತ್ತದೆ. ದಾರಿ ಖಾಲಿ.

ದೇವೊ ಸುತ್ತಿಗೆ ಎತ್ತಿಕೊಂಡು ಮುಂದೆ ಬರುತ್ತಾನೆ. ಪೆರ್ಪೆಟುವಾ ಕೂತಲ್ಲಿಂದ ಏಳುವುದಿಲ್ಲ.

"ನಿಲ್ಲು ದೇವೊ. ಆಟ ಗೆದ್ದಿದ್ದು ನಾನು. ಗೆದ್ದೋರು ಕರೆದ್ರೆ ಎದುರು ಕೂರಬೇಕು ಅನ್ನೋದು ನಿಮ್ಮ ತಗಡಿನ ಮೇಲಿದೆ, ನನ್ನ ಕೈಬರಹದಲ್ಲೇ ಇದೆ. ನಾನು ಕರೀತಿರೋದು ಚೇರ್ಮನ್ನರನ್ನ." ಅವಳು ಲೋಟವನ್ನು ಅವನ ಕಡೆ ಸರಿಸುತ್ತಾಳೆ. "ಬನ್ನಿ, ಕೂತ್ಕೊಳ್ಳಿ. ನೀವು ಗೆದ್ರೆ ಸುತ್ತಿಗೆ ನಾನೇ ಹಿಡೀತೀನಿ."

ಎದುರಿನ ಸ್ಟ್ಯಾಂಡಿನಲ್ಲಿ ದಾಳದ ಸದ್ದು ನಿಂತಿದೆ. ಬೋಡಾದವರೆಲ್ಲ ಇತ್ತ ತಿರುಗಿದ್ದಾರೆ. "ಕೂರಿ ಚೇರ್ಮನ್ರೇ, ನಿಮ್ಮದೇ ರೂಲ್ಸು!" ಎಂದು ಒಬ್ಬ ಕೂಗುತ್ತಾನೆ. ಚೇರ್ಮನ್ನನ ಕಣ್ಣು ಲೋಟದ ಮೇಲೆ ಬೀಳುತ್ತದೆ, ಆಮೇಲೆ ಹೆಂಗಸರ ಮೇಲೆ, ಆಮೇಲೆ ಸ್ಟ್ಯಾಂಡಿನ ಮೇಲೆ. ಕೂತು ಸೋತರೆ ಊರೆಲ್ಲ ಆಡಿಕೊಳ್ಳುತ್ತದೆ.

"ನಂಗೆ ಮೀಟಿಂಗ್ ಇದೆ," ಎನ್ನುತ್ತಾನೆ.

"ಹಾಗಾದ್ರೆ ಸೋತ ಲೆಕ್ಕ!" ಸ್ಪೆಸಿಯೋಜಾಳ ಗಂಟಲು ಸಂತೆಯ ಆಚೆ ತುದಿಗೂ ಕೇಳುತ್ತದೆ. ಬೈಕು ಎರಡು ಸಲ ಒದ್ದ ಮೇಲೆ ಶುರುವಾಗುತ್ತದೆ. ದೇವೊನನ್ನು ಹತ್ತಿಸಿಕೊಳ್ಳುವುದೂ ಅವನಿಗೆ ಮರೆತುಹೋಗಿದೆ. ದೇವೊ ಸುತ್ತಿಗೆಯನ್ನು ಕಟ್ಟೆಯ ಪಕ್ಕಕ್ಕಿಟ್ಟು, ಹಸಿರು ಕಾಯಿ ಯಾರದು, ತಾನೂ ಆಡಬಹುದೇ ಎಂದು ಕೇಳುತ್ತಾನೆ.

ಲಾರಿ ಬರುತ್ತದೆ. ಹೆಂಗಸರು ಗೊನೆಗಳ ಕಡೆ ಓಡುತ್ತಾರೆ. ಚೇರ್ಮನ್ ನಾಳೆಯೂ ಬಂದಾನು ಎಂಬುದು ಪೆರ್ಪೆಟುವಾಳಿಗೆ ಗೊತ್ತು. ಅರ್ಧ ಬರೆದ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ಬಣ್ಣ ಕಲಸುತ್ತಿರುವ ಅವಳನ್ನು, ಇನ್ನೇನು ಆಸೆಯಿದೆ ಎಂದು ಕೇಳಿದರೆ ತಲೆ ಎತ್ತುವುದಿಲ್ಲ.

"ಜಾಸ್ತಿ ಏನಿಲ್ಲ. ಒಂದು ದಿನ ಅವನು ಬಂದು ಎದುರಿಗೆ ಕೂರಬೇಕು, ಅಷ್ಟೇ. ಬಣ್ಣ ಅವನೇ ಆರಿಸಿಕೊಳ್ಳಲಿ. ಮೊದಲ ಗರ ಬೇಕಾದ್ರೂ ಅವನಿಗೇ ಬಿಡ್ತೀನಿ."